ಕೈಯಲ್ಲಿ ಅದುರುವ ಸ್ಟೀರಿಂಗ್: ಹಳೆ ಗಾಡಿಗಳ ಮುಂಭಾಗ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ತೋಟದಲ್ಲಿ ಹಳೆಯ ಮಹೀಂದ್ರ ಸಿಜೆ-3ಬಿ ಜೀಪ್ ಇದೆ. ಎತ್ತರ ಸಾಲದೆಂದು ಮುಂದಿನ ಬ್ಲೇಡ್ ಸ್ಪ್ರಿಂಗ್‌ಗಳಿಗೆ ಮೊದಲಿನದಕ್ಕಿಂತ ಎರಡಿಂಚು ಉದ್ದವಾದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಫ್ರೇಮಿಗೆ ಜೋಡಿಸುವ ಆಡುವ ಕೊಂಡಿ) ಹಾಕಿಸಿದೆವು. ಅಂದಿನಿಂದ 40–45 ಕಿ.ಮೀ. ವೇಗದಲ್ಲಿ ಸಣ್ಣ ಗುಂಡಿ ಸಿಕ್ಕರೂ ಚಕ್ರಗಳು ಎಡಬಲ ಬಡಿದುಕೊಳ್ಳಲು ಶುರುವಾಗುತ್ತವೆ, ಗಾಡಿ ನಿಲ್ಲಿಸುವ ತನಕ ಬಿಡುವುದಿಲ್ಲ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಗಿದೆ. ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಅನ್ನುತ್ತಾರೆ. ಹಾಕಿಸಬಹುದೇ?
— ಓದುಗರು, ಸಕಲೇಶಪುರ

ಉತ್ತರ: ಡ್ಯಾಂಪರ್ ಈಗಲೇ ಬೇಡ. ಅದು ಅದುರುವುದನ್ನು ಅದುಮಿಡುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ನಿಮ್ಮ ಕಾರಣ ಬಹುಪಾಲು ಆ ಶ್ಯಾಕಲ್‌ನಲ್ಲೇ ಇದೆ.

ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಹಿಂದಕ್ಕೆ ವಾಲಿಕೊಂಡಿರುತ್ತದಲ್ಲ, ಕೈ ಬಿಟ್ಟರೂ ಸೈಕಲ್ ನೇರ ಹೋಗಲು ಆ ವಾಲು ಸಹಾಯ ಮಾಡುತ್ತದೆ. ಜೀಪಿನಲ್ಲೂ ಮುಂದಿನ ಚಕ್ರ ಎಡಬಲ ತಿರುಗುವ ಕೀಲಾದ ಕಿಂಗ್ ಪಿನ್‌ನ ತಲೆ ಹೀಗೆ 3 ಡಿಗ್ರಿ ಹಿಂದಕ್ಕೆ ವಾಲಿರಬೇಕು. ಇದೇ ಕ್ಯಾಸ್ಟರ್. ಈ ಜೀಪಿನ ಮುಂದಿನ ಸ್ಪ್ರಿಂಗ್‌ಗೆ ಶ್ಯಾಕಲ್ ಇರುವುದು ಮುಂದುಗಡೆ, ಹಿಂದುಗಡೆ ಇರುವುದು ಕದಲದ ಪಿವಟ್ ಬೋಲ್ಟ್. ಶ್ಯಾಕಲ್ ಉದ್ದವಾದರೆ ಸ್ಪ್ರಿಂಗಿನ ಮುಂದಿನ ಕಣ್ಣು ಕೆಳಗಿಳಿದು ಇಡೀ ಆಕ್ಸಲ್ ಮುಂದಕ್ಕೆ ಮಗುಚುತ್ತದೆ. ಕಣ್ಣಿನಿಂದ ಕಣ್ಣಿಗೆ ಸುಮಾರು 36 ಇಂಚು ಇರುವ ಸ್ಪ್ರಿಂಗಿನಲ್ಲಿ ಒಂದಿಂಚು ಇಳಿದರೆ ಒಂದರಿಂದ ಒಂದೂವರೆ ಡಿಗ್ರಿ ಕ್ಯಾಸ್ಟರ್ ಹೋಯಿತು. ನಿಮ್ಮದು ಎರಡಿಂಚು, ಅಂದರೆ ಉಳಿದಿರುವುದು ಇಲ್ಲವೆನ್ನುವಷ್ಟು. ಅಲೈನ್‌ಮೆಂಟ್ ಅಂಗಡಿಯಲ್ಲಿ ಇದು ಸರಿಹೋಗದು. ಈ ಆಕ್ಸಲ್‌ನಲ್ಲಿ ತಿರುಗಿಸಿ ಹೊಂದಿಸಬಹುದಾದದ್ದು ಟೋ (ಚಕ್ರಗಳ ಮುಂಭಾಗ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಅಳತೆ; ಒಳಕ್ಕಾದರೆ ಟೋ-ಇನ್) ಮಾತ್ರ. ಕ್ಯಾಸ್ಟರ್, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ) ಎರಡೂ ಕಟ್ಟಿನಲ್ಲೇ ಬಂದಿರುವಂಥವು.

ಖಚಿತ ಮಾಡಿಕೊಳ್ಳಲು ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಚಕ್ರ ನೇರ ಮಾಡಿ ನಿಲ್ಲಿಸಿ. ಕಿಂಗ್ ಪಿನ್ ಕ್ಯಾಪಿನ ಚಪ್ಪಟೆ ಭಾಗವನ್ನು ಒರೆಸಿ, ಅದರ ಮೇಲೆ ಕೋನ ಅಳೆಯುವ ಗೇಜನ್ನು ಹಿಂದುಮುಂದಾಗಿ ಇಟ್ಟು ನೋಡಿ. ಎರಡೂ ಕಡೆ ಅಳೆಯಿರಿ. ಎಡಬಲಗಳ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಂದು ಕಡೆಯ ಸ್ಪ್ರಿಂಗ್ ಕೂತಿದೆ, ಇಲ್ಲವೇ ಆಕ್ಸಲ್ ತಿರುಚಿದೆ.

ನಮ್ಮ ಸಲಹೆ, ಉದ್ದ ಶ್ಯಾಕಲ್ ತೆಗೆದು ಮೊದಲಿನದನ್ನೇ ಹಾಕಿ. ಎತ್ತರ ಬೇಕೇ ಬೇಕಿದ್ದರೆ ಬಾಗು ಹೆಚ್ಚಿರುವ ಹೊಸ ಬ್ಲೇಡ್ ಸೆಟ್ ಮಾಡಿಸಿ. ಹಳೆಯ ಶ್ಯಾಕಲ್ ಯು ಆಕಾರದ, ಮರೆ (ಥ್ರೆಡ್) ಇರುವ ಬಗೆಯದಾಗಿದ್ದರೆ ಎಚ್ಚರ: ಅದರಲ್ಲಿ ಎಡ ಮರೆಯದೂ ಬಲ ಮರೆಯದೂ ಇವೆ. ನೋಡದೆ ಸ್ಪ್ಯಾನರ್ ಹಾಕಿ ಎಳೆದರೆ ಬುಷ್‌ನ ಮರೆ ಕಿತ್ತು ಬರುತ್ತದೆ.

ಶ್ಯಾಕಲ್ ಬದಲಿಸಿದ ಮೇಲೂ ಕ್ಯಾಸ್ಟರ್ ಕಮ್ಮಿ ಬಂದರೆ ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ವೆಡ್ಜ್ (ಒಂದು ತುದಿ ದಪ್ಪಗಿರುವ ಬೆಣೆ) ಹಾಕಬಹುದು. ಈ ಜೀಪಿನಲ್ಲಿ ಆಕ್ಸಲ್ ಸ್ಪ್ರಿಂಗಿನ ಮೇಲೆ ಕೂತಿರುವುದರಿಂದ ವೆಡ್ಜಿನ ದಪ್ಪ ತುದಿ ಮುಂದಕ್ಕೆ ಬರಬೇಕು. ತಿರುವುಮುರುವಾಗಿ ಹಾಕಿದರೆ ಇದ್ದದ್ದೂ ಹೋಗುತ್ತದೆ. ಅಲ್ಯುಮಿನಿಯಂ ವೆಡ್ಜ್ ಬೇಡ, ಒತ್ತಡಕ್ಕೆ ಸೀಳಿ ಹೊರಗೆ ಬರುತ್ತದೆ, ಉಕ್ಕಿನದೇ ಇರಲಿ. ಬ್ಲೇಡುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ವೆಡ್ಜಿನ ದಪ್ಪಕ್ಕೆ ತಕ್ಕಂತೆ ಉದ್ದವಿರಲಿ, ಅದರ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಪೂರ್ತಿ ಕೂರಬೇಕು. ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಡಿಫರೆನ್ಷಿಯಲ್‌ನ ಮೂತಿ ಕೆಳಮುಖವಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೋನದಲ್ಲೂ ತಿರುಗುವ ಕೀಲು) ಮೇಲೆ ಕೋನ ಹೆಚ್ಚುತ್ತದೆ, ಹಾಗಾಗಿ 2–3 ಡಿಗ್ರಿಗಿಂತ ದಪ್ಪದ್ದು ಬೇಡ. ಬಿಚ್ಚಿದ ಹಳೆ ಯು ಬೋಲ್ಟ್ ಎಳೆದು ಉದ್ದವಾಗಿರುತ್ತವೆ. ಹೊಸದೇ ಹಾಕಿ, 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ಮಾಡಿ.

ಇನ್ನು ಸವೆತ. ಕ್ಯಾಸ್ಟರ್ ಸರಿಯಿದ್ದೂ ವಾಬ್ಲಿಂಗ್ (ಚಕ್ರ ಎಡಬಲ ಬಡಿದುಕೊಳ್ಳುವುದು) ಬರುವುದು ಇದರಿಂದ. ಗಾಡಿ ನೆಲದ ಮೇಲೇ ಇರಲಿ, ಜ್ಯಾಕ್ ಬೇಡ. ಒಬ್ಬರು ಸ್ಟೀರಿಂಗನ್ನು ನಾಲ್ಕು ಬೆರಳಿನಷ್ಟು ಎಡಬಲ ಆಡಿಸುತ್ತಿರಲಿ. ನೀವು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಕೈಯಿಡಿ, ಹೆಬ್ಬೆರಳು ಒಂದು ಭಾಗದ ಮೇಲೆ, ತೋರುಬೆರಳು ಇನ್ನೊಂದರ ಮೇಲೆ. ಎರಡು ಬೆರಳಿನ ನಡುವೆ ‘ಟಕ್’ ಅಂದರೆ ಆ ಕೀಲು ಹೋಗಿದೆ. ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸ್‌ನಿಂದ ಹೊರಟ ತೋಳು), ಡ್ರ್ಯಾಗ್ ಲಿಂಕ್ (ಅದರಿಂದ ಮುಂದಕ್ಕೆ ಹೋಗುವ ಸರಳು), ಬೆಲ್ ಕ್ರ್ಯಾಂಕ್ (ಆ ಚಲನೆಯನ್ನು ಎಡಬಲಕ್ಕೆ ತಿರುಗಿಸುವ ತೋಳು), ಎರಡು ಟೈ ರಾಡ್ (ಅಲ್ಲಿಂದ ಚಕ್ರಗಳಿಗೆ ಹೋಗುವ ಸರಳು), ಅವುಗಳ ನಾಲ್ಕು ಎಂಡ್ ಎಂಬ ಕ್ರಮದಲ್ಲಿ ಹೋಗಿ. ಮುಂದಿನ ಕ್ರಾಸ್ ಮೆಂಬರ್ (ಫ್ರೇಮಿನ ಅಡ್ಡಪಟ್ಟಿ) ಮೇಲಿರುವ ಬೆಲ್ ಕ್ರ್ಯಾಂಕನ್ನು ಬಹಳ ಜನ ಮರೆಯುತ್ತಾರೆ. ಅದರ ಪಿನ್ ಮತ್ತು ಬೇರಿಂಗ್ ಸವೆದರೆ ಎಷ್ಟು ಟೈ ರಾಡ್ ಎಂಡ್ ಬದಲಿಸಿದರೂ ವ್ಯರ್ಥ. ಬೇರಿಂಗ್ ಒಂದನ್ನೇ ಹಾಕಬೇಡಿ, ಪಿನ್ ಸಮೇತ ಬದಲಿಸಿ.

ಆಮೇಲೆ ಜ್ಯಾಕ್ ಕೊಟ್ಟು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ, ಬ್ರೇಕ್ ಒತ್ತಿ ಹಿಡಿಸಿಕೊಂಡು. ಬ್ರೇಕ್ ಒತ್ತಿದಾಗ ಪ್ಲೇ (ಸಡಿಲಾಟ) ಮಾಯವಾದರೆ ವೀಲ್ ಬೇರಿಂಗ್, ಹಾಗೆಯೇ ಉಳಿದರೆ ಕಿಂಗ್ ಪಿನ್ ಬೇರಿಂಗ್. ಕಿಂಗ್ ಪಿನ್ ಕ್ಯಾಪಿನ ಕೆಳಗಿನ ಶಿಮ್ (ತೆಳು ತಗಡು) ಒಂದೊಂದಾಗಿ ತೆಗೆಯುತ್ತ ಬಂದರೆ ಬಿಗಿ ಬರುತ್ತದೆ. ಟೈ ರಾಡ್ ಕಳಚಿ ಕೈಯಲ್ಲಿ ತಿರುಗಿಸಿದಾಗ ಎಲ್ಲೂ ಸಿಕ್ಕಿಕೊಳ್ಳದೆ, ಒಂದೇ ಸಮ ಸ್ವಲ್ಪ ತಡೆಯುತ್ತ ತಿರುಗಬೇಕು. ಅತಿ ಬಿಗಿಯಾದರೆ ತಿರುವಿನಿಂದ ಸ್ಟೀರಿಂಗ್ ತಾನಾಗಿ ವಾಪಸ್ ಬಾರದು. ಎಲ್ಲ ಮುಗಿದ ಮೇಲೆ ಟೋ-ಇನ್ 3/64ರಿಂದ 3/32 ಇಂಚು, ಅಂದರೆ 1.2ರಿಂದ 2.4 ಮಿ.ಮೀ.

ಪ್ರಶ್ನೆ: ಸ್ಟೀರಿಂಗ್ ಬಾಕ್ಸ್‌ನ ಪ್ಲೇ ತೆಗೆಯಲು ಪಕ್ಕದ ಸ್ಕ್ರೂ ಬಿಗಿ ಮಾಡಿದೆವು. ಈಗ ನೇರ ಹೋಗುವಾಗ ಬಿಗಿ, ತಿರುವಿನಲ್ಲಿ ಸಡಿಲ. ಯಾಕೆ?
— ಓದುಗರು, ಮೂಡಿಗೆರೆ

ಉತ್ತರ: ಹಳೆ ಜೀಪಿನ ‘ರಾಸ್’ ಎಂಬ ಸ್ಟೀರಿಂಗ್ ಬಾಕ್ಸ್‌ನಲ್ಲಿ ಸ್ಟೀರಿಂಗ್ ಶಾಫ್ಟಿನ ತುದಿಯ ಕ್ಯಾಮಿನ ಕೊರೆತದಲ್ಲಿ (ಗ್ರೂವ್) ಲಿವರಿನ ಪಿನ್‌ಗಳು ಓಡುತ್ತವೆ. ಆ ಕೊರೆತ ನಡುವೆ ಬೇಕೆಂದೇ ಆಳ ಕಮ್ಮಿಯಿರುತ್ತದೆ. ನೇರ ಹೋಗುವಾಗ ಪ್ಲೇ ಇರಬಾರದೆಂದು ಹಾಗೆ ಮಾಡಿದ್ದಾರೆ. ಆದ್ದರಿಂದ ತುದಿಗಳಲ್ಲಿ ಸಡಿಲ ಇರುವುದು ಸಹಜ, ಅದನ್ನು ತೆಗೆಯಲು ಹೋದರೆ ನಡುವೆ ಕಚ್ಚಿಕೊಳ್ಳುತ್ತದೆ. ಡ್ರ್ಯಾಗ್ ಲಿಂಕ್ ಕಳಚಿ, ಮೊದಲು ಕವರಿನ ಶಿಮ್‌ನಿಂದ ಕ್ಯಾಮಿನ ಉದ್ದುದ್ದ ಪ್ಲೇ ತೆಗೆಯಿರಿ. ಆಮೇಲೆ ಚಕ್ರ ನೇರವಿರುವ ಜಾಗಕ್ಕೆ ಸ್ಟೀರಿಂಗ್ ತಂದು, ಅಲ್ಲಿ ಮಾತ್ರ ತುಸು ತಡೆ ಸಿಗುವಷ್ಟು ಸ್ಕ್ರೂ ತಿರುಗಿಸಿ ಲಾಕ್ ನಟ್ ಬಿಗಿ ಮಾಡಿ. ಲಿವರಿನ ಪಿನ್‌ಗಳು ಒಂದು ಪಕ್ಕ ಚಪ್ಪಟೆಯಾಗಿದ್ದರೆ ಸ್ಕ್ರೂನಿಂದ ಏನೂ ಆಗದು, ಲಿವರ್ ಶಾಫ್ಟ್ ಬದಲಿಸಬೇಕು.

ಪ್ರಶ್ನೆ: ಇಂಥದೇ ಜೀಪಿಗೆ ಪವರ್ ಸ್ಟೀರಿಂಗ್ ಕೂರಿಸಬೇಕು. 7.00-16 ಟೈರ್ ಇದೆ. ಸಣ್ಣ ಕಾರಿನ ಎಲೆಕ್ಟ್ರಿಕ್ ಸ್ಟೀರಿಂಗ್ ಮೋಟಾರ್ ಹಾಕಿದರೆ ಸಾಕೇ?
— ಓದುಗರು, ಮಡಿಕೇರಿ

ಉತ್ತರ: ಸಾಲದು ಎಂದೇ ಹೇಳುತ್ತೇವೆ. ಆ ಮೋಟಾರ್ ಕಾಲಂ ಮೇಲೆ ಕೂರುತ್ತದೆ, ಅದರ ಬಲವೆಲ್ಲ ಹಳೆ ಬಾಕ್ಸ್‌ನ ಲಿವರ್ ಪಿನ್ ಮೂಲಕವೇ ಹೋಗಬೇಕು. ದಪ್ಪ ಟೈರ್, ನಿಂತಲ್ಲೇ ತಿರುಗಿಸುವುದು, ಕಲ್ಲಿಗೆ ಒತ್ತಿದ ಚಕ್ರ: ಪಿನ್ ಬೇಗ ಸವೆಯುತ್ತದೆ. ಪೂರ್ತಿ ತಿರುಗಿಸುವಾಗ ಹತ್ತಾರು ಆಂಪಿಯರ್ ಎಳೆಯುತ್ತದೆ, ಹಳೆ ಡೈನಮೊ ಅದನ್ನು ಕೊಡಲಾರದು.

ಹೈಡ್ರಾಲಿಕ್ ಬಾಕ್ಸ್ ಹಾಕುವುದಾದರೆ ಮುಖ್ಯ ಪ್ರಶ್ನೆ ಫ್ರೇಮ್. ಜೀಪಿನ ಫ್ರೇಮಿನ ತಗಡಿಗೆ ನೇರ ಬೋಲ್ಟ್ ಹಾಕಿದರೆ ಕೆಲವೇ ತಿಂಗಳಲ್ಲಿ ಬೋಲ್ಟ್ ತೂತಿನ ಸುತ್ತ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಒಳಗೆ 5–6 ಮಿ.ಮೀ. ಪ್ಲೇಟ್ ಬೆಸುಗೆ ಮಾಡಿ, ಫ್ರೇಮಿನ ಅಡ್ಡಕ್ಕೆ ಪೈಪ್ ಸ್ಲೀವ್ ಕೂರಿಸಿ, ಅದರೊಳಗೆ ಬೋಲ್ಟ್ ಹಾಯಿಸಿ. ಬೆಲ್ ಕ್ರ್ಯಾಂಕ್ ತೆಗೆದುಬಿಡಿ. ಅದರ ಬ್ರಾಕೆಟ್ ಈ ಬಲಕ್ಕೆ ಮಾಡಿದ್ದಲ್ಲ. ಎರಡು ಚಕ್ರಗಳ ನಡುವೆ ಒಂದೇ ಉದ್ದನೆಯ ಟೈ ರಾಡ್ ಬರಲಿ, ಡ್ರ್ಯಾಗ್ ಲಿಂಕ್ ಅದಕ್ಕೆ ಆದಷ್ಟೂ ಸಮಾನಾಂತರವಾಗಿರಲಿ. ಬಾಕ್ಸನ್ನು ಬೆಸುಗೆ ಮಾಡುವ ಮೊದಲು ಹಗ್ಗ ಕಟ್ಟಿ ಹಿಡಿದು, ಸ್ಟೀರಿಂಗ್ ಬಲಕ್ಕೆ ತಿರುಗಿಸಿದಾಗ ಚಕ್ರವೂ ಬಲಕ್ಕೇ ತಿರುಗುತ್ತದೆಯೇ ನೋಡಿ. ಬಾಕ್ಸನ್ನು ಮಗುಚಿ ಹಾಕಿದ ಗಾಡಿಗಳಲ್ಲಿ ಇದು ತಿರುವುಮುರುವಾಗಿ ಬಿಡುತ್ತದೆ. ಸವೆದ ಕೀಲುಗಳನ್ನು ಇದಕ್ಕೂ ಮೊದಲೇ ಬದಲಿಸಿ. ಪವರ್ ಬಂದ ಮೇಲೆ ಪ್ಲೇ ಕೈಗೆ ತಿಳಿಯುವುದಿಲ್ಲ.

ಪ್ರಶ್ನೆ: ಇಲ್ಲಿ 1951ರ ಶೆವರ್ಲೆ 3100 ಪಿಕಪ್ ಕೊಂಡಿದ್ದೇನೆ. ಮುಂದೆ ಐ-ಬೀಮ್ ಆಕ್ಸಲ್ (ಎರಡು ಚಕ್ರಗಳ ನಡುವೆ ಒಂದೇ ಉಕ್ಕಿನ ತೊಲೆ). ಎಲ್ಲರೂ ‘ಮಸ್ಟಾಂಗ್ 2’ ಸಸ್ಪೆನ್ಷನ್ ಹಾಕು ಅನ್ನುತ್ತಾರೆ. ಹಾಕಲೇ?
— ಓದುಗರು, ಟೆಕ್ಸಾಸ್

ಉತ್ತರ: ಗಾಡಿಯಿಂದ ಏನು ಕೆಲಸ ತೆಗೆಯುತ್ತೀರಿ ಎಂಬುದರ ಮೇಲಿದೆ. ಆ ವಿನ್ಯಾಸ 1974–78ರ ಫೋರ್ಡ್ ಮಸ್ಟಾಂಗ್ 2 ಎಂಬ ಸಣ್ಣ ಕಾರಿನದು. ಹೆದ್ದಾರಿಯಲ್ಲಿ ಹಗುರಾಗಿ ಓಡಿಸುವುದಕ್ಕೆ ಚೆನ್ನ: ಎರಡು ಚಕ್ರಗಳೂ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ, ರ‍್ಯಾಕ್ ಸ್ಟೀರಿಂಗ್, ಡಿಸ್ಕ್ ಬ್ರೇಕ್ ಜೊತೆಗೇ ಬರುತ್ತವೆ. ಹೇರು ಹೊರುವ ಗಾಡಿಯಾದರೆ ಬೀಮ್ ಉಳಿಸಿಕೊಳ್ಳಿ. ಕಿಂಗ್ ಪಿನ್ ಬುಷ್ ಹೊಸದಾಗಿ ಹಾಕಿಸಿ ರೀಮರ್‌ನಲ್ಲಿ ಅಳತೆಗೆ ತಂದು, ಸ್ಪ್ರಿಂಗ್ ಬುಷ್ ಬದಲಿಸಿ, ಡಿಸ್ಕ್ ಬ್ರೇಕ್ ಕಿಟ್ ಹಾಕಿದರೆ ಆ ಆಕ್ಸಲ್ ಇನ್ನೂ ದಶಕಗಳು ಬರುತ್ತದೆ. ಸಾಮಾನ್ಯವಾಗಿ ‘ಬೀಮ್ ಚೆನ್ನಾಗಿಲ್ಲ’ ಎಂಬ ದೂರೆಲ್ಲ ಸವೆದ ಬೀಮಿನ ಮೇಲಿನ ದೂರು.

‘ಮಸ್ಟಾಂಗ್ 2’ ಹಾಕುವುದೇ ಆದರೆ, ಹಳೆ ಆಕ್ಸಲ್ ಬಿಚ್ಚುವ ಮೊದಲು ಫ್ರೇಮನ್ನು ಸ್ಟ್ಯಾಂಡಿನ ಮೇಲೆ ಓಡುವ ಎತ್ತರ, ಓಡುವ ವಾಲಿನಲ್ಲೇ ನಿಲ್ಲಿಸಿ, ತೂಗುಗುಂಡಿನಿಂದ ಆಕ್ಸಲ್‌ನ ನಡುಗೆರೆಯನ್ನು ನೆಲಕ್ಕೂ ಫ್ರೇಮಿಗೂ ಗುರುತಿಸಿಕೊಳ್ಳಿ. ಒಮ್ಮೆ ಬಿಚ್ಚಿದರೆ ಆ ಗೆರೆ ಮತ್ತೆ ಸಿಗದು. ಸಿ ಆಕಾರದ ಫ್ರೇಮನ್ನು ಪ್ಲೇಟ್ ಹಾಕಿ ಪೆಟ್ಟಿಗೆಯಂತೆ ಮುಚ್ಚಿ. ಒಂದೆರಡಿಂಚು ಬೆಸುಗೆ ಹಾಕಿ ಎದುರು ಬದಿಗೆ ಹೋಗಿ, ಒಂದೇ ಕಡೆ ಎಳೆದರೆ ಫ್ರೇಮ್ ಸೊಟ್ಟಗಾಗುತ್ತದೆ. ಕ್ರಾಸ್ ಮೆಂಬರ್ ಟ್ಯಾಕ್ ಮಾಡಿದ (ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿದ) ಮೇಲೆ ಮೂಲೆಯಿಂದ ಮೂಲೆಗೆ ಅಳೆದು, ವ್ಯತ್ಯಾಸ 3 ಮಿ.ಮೀ. ಒಳಗೆ ಇದ್ದರಷ್ಟೇ ಪೂರ್ತಿ ಬೆಸುಗೆ.

ಸ್ಪ್ರಿಂಗ್ ಇಲ್ಲದೆ ಚಕ್ರವನ್ನು ಜ್ಯಾಕಿನಿಂದ ಮೂರಿಂಚು ಮೇಲಕ್ಕೂ ಕೆಳಕ್ಕೂ ಆಡಿಸಿ, ಹಬ್‌ಗೆ ನೇರ ಪಟ್ಟಿಯೊಂದನ್ನು ಕಟ್ಟಿ ಟೋ ಎಷ್ಟು ಬದಲಾಗುತ್ತದೆ ನೋಡಿ. ತುಂಬ ಬದಲಾದರೆ ರ‍್ಯಾಕ್‌ನ ಎತ್ತರ ಅಥವಾ ಒಳಕೀಲುಗಳ ನಡುವಿನ ಅಂತರ ತಪ್ಪಿದೆ, ಪ್ರತಿ ಗುಂಡಿಗೂ ಗಾಡಿ ತಾನಾಗಿ ತಿರುಗುತ್ತದೆ.

ಮರೆಯಬಾರದ ಮೂರು ಖರ್ಚು. ಹಳೆಯ ಸ್ಟೀರಿಂಗ್ ಕಾಲಂ ಬಾಕ್ಸ್‌ನೊಂದಿಗೇ ಒಂದಾಗಿರುವುದರಿಂದ ಹೊಸ ಕಾಲಂ, ಯೂನಿವರ್ಸಲ್ ಜಾಯಿಂಟ್‌ಗಳು ಬೇಕು. ಒಂದೊಂದು ಜಾಯಿಂಟೂ 30 ಡಿಗ್ರಿ ದಾಟದಿರಲಿ, ಎರಡಕ್ಕಿಂತ ಹೆಚ್ಚಿದ್ದರೆ ನಡುವೆ ಸಪೋರ್ಟ್ ಬೇರಿಂಗ್ ಬೇಕು. ಹಿಂದಿನ ಚಕ್ರಗಳಿಗೆ ಆರು ಬೋಲ್ಟ್, ಈ ಕಿಟ್‌ಗಳ ಹಬ್ ಸಾಮಾನ್ಯವಾಗಿ ಐದು ಬೋಲ್ಟಿನದು, ಆರ್ಡರ್ ಮಾಡುವಾಗಲೇ ಕೇಳಿ. ಜಿಎಂ ಪಂಪಿಗೆ ಫೋರ್ಡ್ ಬಗೆಯ ಪವರ್ ರ‍್ಯಾಕ್ ಜೋಡಿಸಿದರೆ ಒತ್ತಡ ಹೆಚ್ಚಾಗಿ ಸ್ಟೀರಿಂಗ್ ಅತಿ ಚುರುಕಾಗುತ್ತದೆ, ತಗ್ಗಿಸುವ ವಾಲ್ವ್ ಹಾಕಿ.

ಪ್ರಶ್ನೆ: ಇಂಥ ಬದಲಾವಣೆ ಮಾಡಿದ ಜೀಪಿಗೆ ವಿಂಟೇಜ್ ನೋಂದಣಿ ಸಿಗುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿಯಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ ಬದಲಿಸಿರಬಾರದು. ಫ್ರೇಮಿಗೆ ಪ್ಲೇಟ್ ಬೆಸುಗೆ ಮಾಡಿದರೆ ತೊಂದರೆಯ ಸಾಧ್ಯತೆ ಇದೆ. ಅದಲ್ಲದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಯಾವುದೇ ಗಾಡಿಯ ಮೂಲ ವಿವರ ಬದಲಿಸುವುದನ್ನು ನಿರ್ಬಂಧಿಸುತ್ತದೆ, ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ. ಬುಷ್, ಬೇರಿಂಗ್, ಟೈ ರಾಡ್ ಎಂಡ್, ಮೂಲ ಅಳತೆಯ ಬ್ಲೇಡ್ ಬದಲಿಸುವುದು ದುರಸ್ತಿಯಷ್ಟೇ. ಬಿಚ್ಚಿದ ಬೆಲ್ ಕ್ರ್ಯಾಂಕ್, ರಾಸ್ ಬಾಕ್ಸ್, ಶ್ಯಾಕಲ್‌ಗಳನ್ನು ಗುಜರಿಗೆ ಕೊಡಬೇಡಿ. ಗ್ರೀಸ್ ಸವರಿ, ಗೋಣಿಯಲ್ಲಿ ಸುತ್ತಿ, ಯಾವುದು ಎಡ ಯಾವುದು ಬಲ ಎಂದು ಚೀಟಿ ಕಟ್ಟಿ ಒಣಜಾಗದಲ್ಲಿಡಿ.