ಎರಡು ಆಫರ್ ಇವೆ, ಯಾವುದಕ್ಕೆ ಸಹಿ ಹಾಕಲಿ?

ಪ್ರಶ್ನೆ: ಒಂಬತ್ತು ವರ್ಷ ದುಡಿದ ಕಂಪನಿ ಎರಡು ತಿಂಗಳ ಹಿಂದೆ ನಮ್ಮ ಇಡೀ ತಂಡವನ್ನೇ ತೆಗೆದುಹಾಕಿತು. ಈಗ ಎರಡು ಆಫರ್ ಬಂದಿವೆ. ನನ್ನ ಹಳೆಯ ವಾರ್ಷಿಕ ಸಂಬಳ 100 ಎಂದಿಟ್ಟುಕೊಂಡರೆ, ದೊಡ್ಡ ಹಳೆಯ ಕಂಪನಿಯೊಂದು 95 ಕೊಡುತ್ತದೆ, ಅಷ್ಟೂ ನಿಶ್ಚಿತ ಸಂಬಳ. ಸ್ಟಾರ್ಟಪ್ ಒಂದು 130 ಎನ್ನುತ್ತಿದೆ: 85 ನಿಶ್ಚಿತ, 20 ವೇರಿಯೇಬಲ್ (ಸಾಧನೆ ನೋಡಿ ಕೊಡುವ ಭಾಗ), 10 ಜಾಯ್ನಿಂಗ್ ಬೋನಸ್, ಉಳಿದ 15 ಸ್ಟಾಕ್ ಆಪ್ಷನ್ (ಕಂಪನಿಯ ಷೇರನ್ನು ಗೊತ್ತುಮಾಡಿದ ಬೆಲೆಗೆ ಮುಂದೆ ಕೊಳ್ಳುವ ಹಕ್ಕು). ಎರಡರಲ್ಲೂ ಪ್ರೊಬೇಷನ್ ಆರು ತಿಂಗಳು. ಆಮೇಲಿನ ನೋಟಿಸ್ ಅವಧಿ ದೊಡ್ಡ ಕಂಪನಿಯಲ್ಲಿ ಮೂರು ತಿಂಗಳು, ಸ್ಟಾರ್ಟಪ್‌ನಲ್ಲಿ ಒಂದು. ದೊಡ್ಡ ಕಂಪನಿಯವರು ಶುಕ್ರವಾರದೊಳಗೆ ಉತ್ತರ ಕೇಳಿದ್ದಾರೆ. ಉಳಿತಾಯದಲ್ಲಿ ಇನ್ನು ನಾಲ್ಕು ತಿಂಗಳು ತಳ್ಳಬಹುದು. ಯಾವುದನ್ನು ಒಪ್ಪಲಿ?
— ಹೆಸರು ಬೇಡ

ಉತ್ತರ: 130 ಮತ್ತು 95 ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದನ್ನು ಮೊದಲು ಬಿಡಿ. ಈಗಷ್ಟೇ ಕೆಲಸ ಕಳೆದುಕೊಂಡವರು ಹಾಕಬೇಕಾದ ಲೆಕ್ಕ ಬೇರೆ. ಹೊಸ ಕೆಲಸವೂ ಎಂಟನೇ ತಿಂಗಳಿಗೆ ಹೋಯಿತು ಎಂದುಕೊಳ್ಳಿ, ಆಗ ಕೈಗೆ ಬಂದಿರುವ ಹಣ ಎಷ್ಟು?

ದೊಡ್ಡ ಕಂಪನಿಯಲ್ಲಿ ಎಂಟು ತಿಂಗಳ ಸಂಬಳ ಸುಮಾರು 63, ಮೂರು ತಿಂಗಳ ನೋಟಿಸ್ ಹಣ ಸುಮಾರು 24. ಒಟ್ಟು 87. ಸ್ಟಾರ್ಟಪ್‌ನಲ್ಲಿ ಎಂಟು ತಿಂಗಳ ಸಂಬಳ ಸುಮಾರು 57, ಒಂದು ತಿಂಗಳ ನೋಟಿಸ್ ಹಣ 7. ವೇರಿಯೇಬಲ್ ಸಾಮಾನ್ಯವಾಗಿ ಪಾವತಿಯ ದಿನ ಕೆಲಸದಲ್ಲಿ ಇದ್ದವರಿಗೆ ಮಾತ್ರ, ಹಾಗಾಗಿ ಅದು ಸೊನ್ನೆ. ಸ್ಟಾಕ್ ಆಪ್ಷನ್ ಹೆಚ್ಚಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಸಿಗುವಂಥದ್ದು, ಮೊದಲ ವರ್ಷ ತುಂಬುವ ತನಕ ಒಂದೂ ನಿಮ್ಮದಲ್ಲ. ಅದೂ ಸೊನ್ನೆ. ಜಾಯ್ನಿಂಗ್ ಬೋನಸ್ಸಿಗೆ ‘12 ತಿಂಗಳೊಳಗೆ ಯಾವುದೇ ಕಾರಣಕ್ಕೆ ಕೆಲಸ ಕೊನೆಗೊಂಡರೆ ಪೂರ್ತಿ ವಾಪಸ್’ ಎಂಬ ಷರತ್ತು ಇದ್ದರೆ ಆ 10 ಕೂಡ ಹೋಯಿತು. ಉಳಿಯುವುದು 64.

ವರ್ಷ ಪೂರ್ತಿ ಎಲ್ಲ ಸುಗಮವಾಗಿ ನಡೆದು, ವೇರಿಯೇಬಲ್‌ನಲ್ಲಿ ಶೇ 60 ಕೊಟ್ಟರು ಎನ್ನೋಣ. ಆಗ ಸ್ಟಾರ್ಟಪ್ಪಿನಿಂದ ನಗದಾಗಿ ಬರುವುದು 107, ದೊಡ್ಡ ಕಂಪನಿಯಿಂದ 95. ಅಂದರೆ ಒಳ್ಳೆಯ ವರ್ಷದಲ್ಲಿ 12 ಹೆಚ್ಚು, ಕೆಟ್ಟ ವರ್ಷದಲ್ಲಿ 23 ಕಡಿಮೆ. ನಾಲ್ಕೇ ತಿಂಗಳ ಉಳಿತಾಯ ಇಟ್ಟುಕೊಂಡು ಈ ಜೂಜಿಗೆ ಇಳಿಯಬೇಡಿ ಎಂಬುದೇ ನಮ್ಮ ಸಲಹೆ. ಷರತ್ತುಗಳು ಈಗಿರುವ ಹಾಗೇ ಇದ್ದರೆ 95ಕ್ಕೆ ಸಹಿ ಹಾಕಿ.

ಆದರೆ ಷರತ್ತು ಬದಲಾಗುತ್ತದೆಯೇ ಎಂದು ಕೇಳದೆ ಸಹಿ ಹಾಕಬೇಡಿ. ಸ್ಟಾರ್ಟಪ್ಪಿನ ಎಚ್‌ಆರ್ ಬಳಿ ಎರಡೇ ಬದಲಾವಣೆ ಕೇಳಿ. ಬೋನಸ್ ವಾಪಸಾತಿ ನೀವಾಗಿಯೇ ರಾಜೀನಾಮೆ ಕೊಟ್ಟಾಗ ಮಾತ್ರ ಅನ್ವಯಿಸಲಿ. ಕಂಪನಿಯೇ ತೆಗೆದರೆ ಮೂರು ತಿಂಗಳ ನೋಟಿಸ್ ಹಣ ಸಿಗಲಿ. ಇವೆರಡನ್ನೂ ಒಪ್ಪಿದರೆ ಕೆಟ್ಟ ವರ್ಷದ ಲೆಕ್ಕ 64ರಿಂದ 88ಕ್ಕೆ ಏರುತ್ತದೆ, ಎರಡು ಆಫರ್ ಸರಿಸಮ ಆಗುತ್ತವೆ. ನಿಶ್ಚಿತ ಸಂಬಳ ಏರಿಸುವುದಕ್ಕಿಂತ ಇಂಥ ಷರತ್ತು ಸಡಿಲಿಸುವುದು ಎಚ್‌ಆರ್‌ಗೆ ಸುಲಭ, ಏಕೆಂದರೆ ಸಂಬಳ ಏರಿಸಿದರೆ ಅದೇ ದರ್ಜೆಯ ಉಳಿದವರಿಗೂ ಉತ್ತರ ಹೇಳಬೇಕಾಗುತ್ತದೆ. ಬಾಯಿಮಾತಿನಲ್ಲಿ ‘ಆಗಲಿ’ ಎಂದರೆ ಸಾಲದು, ತಿದ್ದಿದ ಆಫರ್ ಲೆಟರ್ ಕೈಗೆ ಬರಬೇಕು.

ನೋಟಿಸ್ ಹಣಕ್ಕೆ ಬೆಲೆ ಇರುವುದು ಕಂಪನಿಯ ಖಾತೆಯಲ್ಲಿ ದುಡ್ಡಿದ್ದಾಗ. ಆದ್ದರಿಂದ ನೇರವಾಗಿ ಕೇಳಿ: ‘ಈಗಿನ ಖರ್ಚಿನ ಮಟ್ಟದಲ್ಲಿ ಎಷ್ಟು ತಿಂಗಳಿಗಾಗುವಷ್ಟು ಹಣವಿದೆ?’ ಕೈಲಿರುವ ನಗದನ್ನು ತಿಂಗಳ ನಿವ್ವಳ ಖರ್ಚಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 18ಕ್ಕಿಂತ ಹೆಚ್ಚಿದ್ದರೆ ಉಸಿರಾಡಬಹುದು. 12ಕ್ಕಿಂತ ಕಡಿಮೆಯಾದರೆ ನೀವು ಸೇರಿದ ಹೊಸತರಲ್ಲೇ ಅವರು ಹೂಡಿಕೆದಾರರ ಬಾಗಿಲು ತಟ್ಟುತ್ತಿರುತ್ತಾರೆ. ಹೂಡಿಕೆ ಸಿಗದಿದ್ದರೆ ಮೊದಲು ಕತ್ತರಿ ಬೀಳುವುದು ಸಂಬಳದ ಪಟ್ಟಿಗೆ. ಸಂಖ್ಯೆ ಹೇಳಲು ಒಲ್ಲದಿದ್ದರೆ 12ಕ್ಕಿಂತ ಕಡಿಮೆ ಎಂದೇ ಹಿಡಿಯಿರಿ.

ಸ್ಟಾಕ್ ಆಪ್ಷನ್ ಬಗ್ಗೆ ಹೇಳುವಾಗ ‘ಹತ್ತು ಸಾವಿರ ಷೇರು’ ಎಂದು ಕಿವಿಗೆ ಇಂಪಾಗುವಂತೆ ಹೇಳುತ್ತಾರೆ. ಒಟ್ಟು ಒಂದು ಕೋಟಿ ಷೇರಿದ್ದರೆ ಅದು ಶೇ 0.1, ಹತ್ತು ಕೋಟಿಯಿದ್ದರೆ ಶೇ 0.01. ಒಟ್ಟು ಎಷ್ಟು, ಕೊಳ್ಳಲು ನೀವು ತೆರಬೇಕಾದ ಬೆಲೆ ಎಷ್ಟು, ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಕಾಲಾವಕಾಶ ಎಂಬ ಮೂರೂ ಗೊತ್ತಾಗಬೇಕು. ಕಂಪನಿ ಮಾರಾಟವಾದರೂ ಸಾಮಾನ್ಯವಾಗಿ ಮೊದಲ ಪಾಲು ಹೂಡಿಕೆದಾರರಿಗೆ. ಮಿಕ್ಕಿದ್ದು ನಿಮ್ಮ ತನಕ ಬಂದರೆ ಬಂತು. ಮನೆ ಖರ್ಚಿನ ಲೆಕ್ಕದಲ್ಲಿ ಇದನ್ನು ಸೇರಿಸಲೇಬೇಡಿ.

ದೊಡ್ಡದು ಎಂದ ಮಾತ್ರಕ್ಕೆ ಭದ್ರ ಎಂದೇನಿಲ್ಲ, ನಿಮ್ಮನ್ನು ತೆಗೆದದ್ದು ಯಾವ ಗಾತ್ರದ ಕಂಪನಿ ಎಂದು ಒಮ್ಮೆ ನೆನಪಿಸಿಕೊಳ್ಳಿ. ಅಲ್ಲಿ ವಿಚಾರಿಸಬೇಕಾದದ್ದು ಕಂಪನಿಯ ಬಗ್ಗೆ ಅಲ್ಲ, ತಂಡದ ಬಗ್ಗೆ. ಈ ಹುದ್ದೆ ಹೊಸದೋ, ಯಾರೋ ಬಿಟ್ಟುಹೋದ ಜಾಗವೋ? ಬಿಟ್ಟಿದ್ದರೆ ಯಾಕೆ? ಕೆಲಸ ಒಬ್ಬನೇ ಗ್ರಾಹಕನ ಪ್ರಾಜೆಕ್ಟಿಗೆ ಗಂಟುಬಿದ್ದಿದೆಯೇ? ಎರಡು ವರ್ಷದಲ್ಲಿ ಮ್ಯಾನೇಜರ್ ಎಷ್ಟು ಸಲ ಬದಲಾದರು? ಕಂಪನಿ ಷೇರುಪೇಟೆಯಲ್ಲಿದ್ದರೆ ತ್ರೈಮಾಸಿಕ ವರದಿ ತೆರೆದು ಆ ವಿಭಾಗದ ಆದಾಯ ನಾಲ್ಕು ತ್ರೈಮಾಸಿಕಗಳಿಂದ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ನೋಟಿಸ್ ಷರತ್ತನ್ನೂ ಇನ್ನೊಮ್ಮೆ ಓದಿ: ಮೂರು ತಿಂಗಳು ನಿಮಗೆ ಮಾತ್ರವೋ, ಕಂಪನಿಗೂ ಅನ್ವಯಿಸುತ್ತದೋ? ನೌಕರನಿಗೆ ಮೂರು, ಕಂಪನಿಗೆ ಒಂದು ಎಂದು ಬರೆಯುವವರೂ ಇದ್ದಾರೆ. ಹಾಗಿದ್ದರೆ ಮೇಲಿನ 87 ಅಲ್ಲಿಗೇ 71ಕ್ಕೆ ಇಳಿಯುತ್ತದೆ.

ಶುಕ್ರವಾರದ ಗಡುವು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಇಂದೇ ಫೋನ್ ಮಾಡಿ, ಬೆನ್ನಿಗೇ ಇಮೇಲ್ ಹಾಕಿ: ‘ಆಫರ್ ನನಗೆ ಇಷ್ಟವಾಗಿದೆ. ಷರತ್ತುಗಳನ್ನು ಪೂರ್ತಿ ಓದಿ ಮುಂದಿನ ಬುಧವಾರ ಖಚಿತ ಉತ್ತರ ಕೊಡುತ್ತೇನೆ.’ ದಿನ ಹೆಸರಿಸಿ ಕೇಳಿದರೆ ಮೂರು ನಾಲ್ಕು ಕೆಲಸದ ದಿನ ಸಿಗುವುದು ಕಷ್ಟವಲ್ಲ. ಗುರುವಾರ ಸಂಜೆ ಕೇಳಿದರೆ ಮಾತ್ರ ಬೇರೆ ಆಫರ್ ಇಟ್ಟುಕೊಂಡು ಆಟವಾಡುತ್ತಿದ್ದೀರಿ ಎನ್ನಿಸುತ್ತದೆ.

ಎರಡಕ್ಕೂ ಸಹಿ ಹಾಕಿ ಒಂದನ್ನು ಆಮೇಲೆ ಬಿಡುವ ಉಪಾಯ ಬೇಡ. ಒಂದನ್ನು ಒಪ್ಪಿದ ಮೇಲೂ ಇನ್ನೊಂದಕ್ಕೆ ಇಲ್ಲವೆನ್ನುವ ಮುನ್ನ ಸಹಿಯಾದ ಪತ್ರ, ಸೇರುವ ದಿನಾಂಕ, ಹಿನ್ನೆಲೆ ಪರಿಶೀಲನೆಗೆ ಏನೇನು ದಾಖಲೆ ಬೇಕು ಎಂಬ ಪಟ್ಟಿ ಇಷ್ಟೂ ಕೈಲಿರಲಿ. ಹಳೆಯ ಕಂಪನಿ ಪರಿಹಾರವನ್ನು ತಿಂಗಳ ಕಂತಿನಲ್ಲಿ ಕೊಡುತ್ತಿದ್ದರೆ ಆ ಒಪ್ಪಂದವನ್ನೂ ತೆಗೆದು ನೋಡಿ. ಹೊಸ ಕೆಲಸಕ್ಕೆ ಸೇರಿದ ದಿನವೇ ಕಂತು ನಿಲ್ಲುತ್ತದೆ ಎಂಬ ಸಾಲು ಇದ್ದರೆ, ಸೇರುವ ದಿನಾಂಕವನ್ನು ಎರಡು ವಾರ ಮುಂದಕ್ಕೆ ಹಾಕಿಸಿಕೊಳ್ಳುವುದರಲ್ಲಿ ಲಾಭವಿರಬಹುದು.

ಪ್ರಶ್ನೆ: ಎರಡನೇ ಕಂಪನಿಗೆ ಮೊದಲ ಆಫರಿನ ಮೊತ್ತ ಹೇಳಬಹುದೇ?

ಉತ್ತರ: ಹೇಳಬಹುದು, ಅದು ನಿಮಗೆ ಅನುಕೂಲವಾಗಿದ್ದರೆ. ನಿಶ್ಚಿತ ಸಂಬಳವನ್ನಷ್ಟೇ ಹೇಳಿ, ಇಲ್ಲದ್ದನ್ನು ಸೇರಿಸಬೇಡಿ. ಪತ್ರ ತೋರಿಸಿ ಎನ್ನುವವರು ಇದ್ದಾರೆ. ಕಂಪನಿಯ ಹೆಸರು ಹೇಳುವ ಅಗತ್ಯವಿಲ್ಲ. ಚೌಕಾಸಿ ಒಂದೇ ಸುತ್ತಿಗೆ ಮುಗಿಯಲಿ. ಬೇಕಾದದ್ದನ್ನೆಲ್ಲ ಒಂದೇ ಇಮೇಲ್‌ನಲ್ಲಿ ಬರೆಯಿರಿ, ಅವರು ಒಪ್ಪಿದ ಮೇಲೆ ‘ಇನ್ನೊಂದು ವಿಷಯ’ ಎಂದು ಮತ್ತೆ ಹೋಗಬೇಡಿ. ಆಗ ಎಚ್‌ಆರ್ ತನ್ನ ಮೇಲಿನವರ ಬಳಿ ಎರಡನೇ ಸಲ ಅನುಮತಿ ಕೇಳಬೇಕಾಗುತ್ತದೆ, ಪಟ್ಟಿಯಲ್ಲಿರುವ ಮುಂದಿನ ಅಭ್ಯರ್ಥಿ ಅವರಿಗೆ ನೆನಪಾಗುವುದು ಆಗಲೇ.