ಗಂಡನಿಗೆ ಶಾಂಘೈಗೆ ಮೂರು ವರ್ಷ ವರ್ಗವಾಗಿದೆ. ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ನಾನೂ ಹೋಗಲೇ? ಸಸ್ಯಾಹಾರಿಗಳು ಅಲ್ಲಿ ಬದುಕೋದು ಸಾಧ್ಯವೇ?

ನಿಮ್ಮ ಪ್ರಶ್ನೆ ಓದಿ, ಇದನ್ನ 2016ರಲ್ಲಿ ನಾನೇ ಬರೆದಿದ್ದೆನಾ ಅಂತ ಒಂದು ಕ್ಷಣ ಅನ್ನಿಸ್ತು. ಅದೇ ಊರು, ಅದೇ ಮೂರು ವರ್ಷ, ಅದೇ ವಯಸ್ಸಿನ ಮಗಳು. ಹೊರಡೋಕೆ ಮುಂಚೆ ಎರಡು ತಿಂಗಳು ನಾನೂ ಊಟದ ಚಿಂತೇಲೇ ಕಳೆದೆ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಹಪ್ಪಳ ಅಂತ ಅಮ್ಮ ಒಂಬತ್ತು ಕೆಜಿ ಕಟ್ಟಿಕೊಟ್ರು.

ಊಟದ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅದು ಸಮಸ್ಯೆಯೇ ಅಲ್ಲ. ಅಲ್ಲಿನ ತರಕಾರಿ ಮಾರ್ಕೆಟ್ ನೋಡಿದ್ರೆ ನಮ್ಮೂರಿನ ಸಂತೆ ಸಪ್ಪೆ ಅನ್ನಿಸುತ್ತೆ. ಸೊಪ್ಪೇ ಹತ್ತು ಹದಿನೈದು ಬಗೆ. ತೊಗರಿಬೇಳೆ, ಉದ್ದಿನಬೇಳೆ ಟಾವ್‌ಬಾವ್ ಅನ್ನೋ ಆನ್‌ಲೈನ್ ಅಂಗಡೀಲಿ ಆರ್ಡರ್ ಮಾಡಿದ್ರೆ ಮನೆಗೇ ಬರುತ್ತೆ. ಹೊರಗೆ ತಿನ್ನುವಾಗ ಮಾತ್ರ "ವೋ ಛೃ ಸು", ನಾನು ಸಸ್ಯಾಹಾರಿ, ಅಂತ ಹೇಳಿದ್ರೆ ಸಾಲದು. ತೋಫು, ಅಂದ್ರೆ ಸೋಯಾ ಪನೀರ್, ಅಂದಕೂಡಲೇ ನಂಬಬೇಡಿ, ಮಾಪೊ ತೋಫು ಅನ್ನೋ ಖಾರದ ಪಲ್ಯದಲ್ಲಿ ಕೊಚ್ಚಿದ ಮಾಂಸ ಇರುತ್ತೆ. ನಿಶ್ಚಿಂತೆಯಾಗಿ ತಿನ್ನಬೇಕು ಅಂದ್ರೆ ಬೌದ್ಧ ಸಸ್ಯಾಹಾರದ ಹೋಟೆಲುಗಳಿವೆ, ನಾನ್‌ಜಿಂಗ್ ಪಶ್ಚಿಮ ರಸ್ತೆಯ ಗುಂಗ್‌ದೆಲಿನ್ 1922ರಿಂದ ನಡೀತಿದೆ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಲ್ಲ, ಅಷ್ಟೆ. ಬೀಜಿಂಗ್ ಕಡೆ ಮನೆಮನೆಗೂ ಕೊಳವೆಯಲ್ಲಿ ಬಿಸಿ ಹರಿಸ್ತಾರೆ, ಶಾಂಘೈಗೆ ಆ ಭಾಗ್ಯ ಇಲ್ಲ.

ಈಗ ನಾನು ಮಾಡಿದ ತಪ್ಪು ಕೇಳಿ. ತೀರಾ ಚಿಕ್ಕದು: ನನ್ನ ಸಿಮ್ ಕಾರ್ಡನ್ನ ಗಂಡನ ಹೆಸರಲ್ಲಿ ತಗೊಂಡೆ.

ಹೋಗಿ ಮೂರನೇ ವಾರ ಇರಬೇಕು. ಇವರ ಪಾಸ್‌ಪೋರ್ಟ್ ರೆಸಿಡೆನ್ಸ್ ಪರ್ಮಿಟ್ ಅಂಟಿಸಿಕೊಂಡು ವಾಪಸ್ ಬಂದಿತ್ತು. ನಂದು, ಮಗಳದು ಇನ್ನೂ ಕಚೇರೀಲೇ ಇತ್ತು, ಕೈಯಲ್ಲಿ ಬರೀ ರಸೀದಿ. ಮೊಬೈಲ್ ಅಂಗಡೀಲಿ ರಸೀದಿಗೆ ಸಿಮ್ ಕೊಡಲ್ಲ ಅಂದ್ರು. "ಸದ್ಯಕ್ಕೆ ಎರಡೂ ನನ್ನ ಹೆಸರಲ್ಲೇ ಇರಲಿ" ಅಂದ್ರು ಇವರು. ನಾನೂ ಹೂಂ ಅಂದೆ. ಆ "ಸದ್ಯಕ್ಕೆ" ಹದಿನಾಲ್ಕು ತಿಂಗಳು ಎಳೀತು.

ಅದರಲ್ಲೇನು ತಪ್ಪು ಅಂತೀರಾ? ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಲ್ಲಿ ದುಡ್ಡು ಅಂದ್ರೆ ಫೋನು. ವೀಚಾಟ್ ಅಂತ ಅಲ್ಲಿನ ಚಾಟ್ ಆ್ಯಪ್, ಅದರಲ್ಲೇ ಹಣವನ್ನೂ ಕೊಡೋದು. ಅದರಲ್ಲಿ ಹಣ ಕೊಡಬೇಕು ಅಂದ್ರೆ ಆಗ ಚೀನಾದ ಬ್ಯಾಂಕ್ ಕಾರ್ಡ್ ಜೋಡಿಸಲೇಬೇಕಿತ್ತು. ಕಾರ್ಡ್ ಜೋಡಿಸುವಾಗ ಮೂರು ತಾಳೆ ಆಗ್ಬೇಕು: ಕಾರ್ಡಿನ ಹೆಸರು, ಪಾಸ್‌ಪೋರ್ಟಿನ ಹೆಸರು, ಬ್ಯಾಂಕಿಗೆ ಕೊಟ್ಟ ಫೋನ್ ನಂಬರ್ ಯಾರದ್ದು ಅನ್ನೋದು. ನನ್ನ ನಂಬರ್ ಇವರದ್ದು. ಹಾಗಾಗಿ ನನ್ನ ಹೆಸರಿನ ಖಾತೆಗೆ ಆ ನಂಬರ್ ಆಗಲ್ಲ. ಆ ನಂಬರಿಲ್ಲದೆ ಕಾರ್ಡ್ ಜೋಡಿಸಕ್ಕಾಗಲ್ಲ, ಕಾರ್ಡಿಲ್ಲದೆ ವ್ಯಾಲೆಟ್ ಇಲ್ಲ. ವ್ಯಾಲೆಟ್ ಇಲ್ಲದಿದ್ರೆ ಟ್ಯಾಕ್ಸಿ ಬುಕ್ ಮಾಡಕ್ಕಾಗಲ್ಲ, ಟಾವ್‌ಬಾವ್ ಇಲ್ಲ, ಬೀದೀಲಿ ಸಾಲಾಗಿ ನಿಂತಿರೋ ಕಿತ್ತಳೆ ಬಣ್ಣದ ಬಾಡಿಗೆ ಸೈಕಲ್ಲೂ ಇಲ್ಲ. ಸಿಮ್ ಹೆಸರು ಬದಲಾಯಿಸೋಣ ಅಂದ್ರೆ ಇಬ್ಬರೂ ಒಟ್ಟಿಗೆ ಅಂಗಡಿಗೆ ಬನ್ನಿ ಅಂದ್ರು. ಇವರು ತಿಂಗಳಲ್ಲಿ ಹದಿನೈದು ದಿನ ಟೂರು. "ಬರೋ ಶನಿವಾರ" ಅಂತ ಅಂದುಕೊಂಡೇ ಒಂದು ವರ್ಷ ಕಳೀತು.

ವಾರಕ್ಕೊಮ್ಮೆ ಇವರು ನೋಟು ತಂದು ಡ್ರಾಯರಲ್ಲಿ ಇಡ್ತಿದ್ರು, ನಾನು ಎಣಿಸಿ ಖರ್ಚು ಮಾಡ್ತಿದ್ದೆ. ಬೆಂಗಳೂರಲ್ಲಿ ನಾನೇ ಒಂದು ಟೀಮ್ ನೋಡ್ಕೋತಿದ್ದವಳು. ಅಲ್ಲಿ ಮಗಳಿಗೆ ಒಂದು ರಟ್ಟಿನ ಡ್ರಾಯಿಂಗ್ ಪುಸ್ತಕ ಬೇಕಂದ್ರೂ "ಇದೊಂದು ಆರ್ಡರ್ ಮಾಡ್ತೀರಾ" ಅಂತ ಇವರಿಗೆ ಮೆಸೇಜ್. ಜಗಳ ಆಗಿದ್ದು ಊಟಕ್ಕಲ್ಲ, ಇಂಥದಕ್ಕೆ.

2017ರ ಡಿಸೆಂಬರ್. ಇವರು ಟೂರ್ ಮೇಲೆ ದೂರದ ಷೆನ್‌ಯಾಂಗ್ ಊರಲ್ಲಿ. ರಾತ್ರಿ ಒಂದು ಗಂಟೆಗೆ ಮಗಳಿಗೆ 39.6 ಡಿಗ್ರಿ ಜ್ವರ. ಇವರ ಫೋನ್ ರಿಂಗಾಗ್ತಾನೇ ಇದೆ, ಎತ್ತೋರಿಲ್ಲ. ಡ್ರಾಯರಲ್ಲಿ ಒಂದು ನೂರರ ನೋಟು, ಮೇಲೆ ಒಂದಿಷ್ಟು ಚಿಲ್ಲರೆ. ಮಗುವನ್ನ ಹೊದಿಕೇಲಿ ಸುತ್ತಿಕೊಂಡು ಗೇಟಿಗೆ ಬಂದೆ. ಖಾಲಿ ಟ್ಯಾಕ್ಸಿಗಳು ಕಣ್ಣೆದುರೇ ಹೋಗ್ತಿದ್ವು, ಎಲ್ಲಾ ಫೋನಲ್ಲಿ ಬುಕ್ ಆದವು. ಕಾವಲುಗಾರ ತಾತ ಟಾರ್ಚ್ ಹಿಡಿದು ನಡುರಸ್ತೆಗಿಳಿದು ಒಂದನ್ನ ನಿಲ್ಲಿಸಿದ.

ಮಕ್ಕಳ ಆಸ್ಪತ್ರೇಲಿ ಆ ಹೊತ್ತಲ್ಲೂ ಜಾತ್ರೆ. ಜ್ವರಕ್ಕೆ ತಂಪಾಗಲಿ ಅಂತ ಹಣೆಗೆ ನೀಲಿ ಪಟ್ಟಿ ಅಂಟಿಸಿಕೊಂಡ ಮಕ್ಕಳು, ಒಂದೊಂದು ಮಗುವಿಗೆ ಅಪ್ಪ ಅಮ್ಮ ಅಜ್ಜಿ ತಾತ ಎಲ್ಲರೂ. ಅಲ್ಲಿ ಪದ್ಧತಿ ಹೀಗೆ: ಮೊದಲು ದುಡ್ಡು ಕಟ್ಟಿ ಚೀಟಿ ಮಾಡಿಸಬೇಕು, ಅದಕ್ಕೆ "ಗ್ವಾ ಹಾವ್" ಅಂತಾರೆ. ಡಾಕ್ಟರ್ ನೋಡಿ ರಕ್ತಪರೀಕ್ಷೆ ಬರೀತಾರೆ, ಅದಕ್ಕೆ ಮತ್ತೆ ಕಟ್ಟಬೇಕು. ರಿಪೋರ್ಟ್ ಹಿಡಿದು ಮತ್ತೆ ಡಾಕ್ಟರು, ಔಷಧಿಗೆ ಮತ್ತೆ ಕಟ್ಟಬೇಕು. ಜನ ಗೋಡೆ ಮೇಲಿನ ಯಂತ್ರಕ್ಕೆ ಫೋನ್ ತೋರಿಸಿ ಮುಂದೆ ಹೋಗ್ತಿದ್ರು. ನಾನು ಪ್ರತಿಸಲ ನಗದು ತಗೊಳ್ಳೋ ಒಂದೇ ಕಿಟಕಿ ಮುಂದೆ, ಮಗೂನ ಹೆಗಲ ಮೇಲೆ ಹಾಕ್ಕೊಂಡು. ಔಷಧಿಯ ಸರದಿ ಬಂದಾಗ 47 ಯುವಾನ್ ಕಡಿಮೆ ಬಿತ್ತು.

ಕಿಟಕಿ ಒಳಗಿನವಳು ಏನೋ ಹೇಳಿದಳು, ಅರ್ಥ ಆಗಲಿಲ್ಲ. ಪರ್ಸಿನ ಜಿಪ್ಪುಗಳನ್ನೆಲ್ಲಾ ಮತ್ತೆ ಮತ್ತೆ ತೆಗೀತಾ ನಿಂತಿದ್ದೆ. ಹಿಂದಿನಿಂದ ಒಂದು ಕೈ ಚಾಚ್ಕೊಂಡು ಬಂತು, ಅದರಲ್ಲಿ ಫೋನು, ಪೀಂ ಅಂತ ಸದ್ದು. ಹೂವಿನ ಹತ್ತಿಕೋಟು ಹಾಕಿದ್ದ ಒಬ್ಬ ಅಜ್ಜಿ. "ಮೇ ಷ, ಮೇ ಷ" ಅಂದ್ರು, ಪರವಾಗಿಲ್ಲ ಅಂತ. ಆಮೇಲೆ ನನ್ನ ಮಗಳ ಕಾಲುಚೀಲ ಎಳೆದು ಮೇಲಕ್ಕೇರಿಸಿ, ಚಳೀಲಿ ಮಗು ಕಾಲು ಕಾಣೋ ಹಾಗೆ ಕರಕೊಂಡು ಬಂದಿದ್ದೀಯಲ್ಲ ಅಂತ ಬೈದ್ರು. ಅದಕ್ಕೆ ಭಾಷೆ ಬೇಕಿರಲಿಲ್ಲ.

ಚಾಟ್ ಮಾಡೋಕೆ ನನ್ನ ವೀಚಾಟ್ ನಡೀತಿತ್ತು, ಹಾಗಾಗಿ ಅವರ ಕಾಂಟ್ಯಾಕ್ಟ್ ತಗೊಂಡೆ. ಮರುದಿನ ಇವರ ಫೋನಿಂದ 47 ಯುವಾನ್ ಕಳಿಸಿದ್ವಿ. ಅಜ್ಜಿ ಮುಟ್ಟಲಿಲ್ಲ. ಅಲ್ಲಿ ಕಳಿಸಿದ ದುಡ್ಡನ್ನ 24 ಗಂಟೇಲಿ ಸ್ವೀಕರಿಸದಿದ್ರೆ ತಾನಾಗೇ ವಾಪಸ್ ಬರುತ್ತೆ. ಬಂತು. ಇವರು ಅದನ್ನ ನೋಡಿ ಏನೂ ಮಾತಾಡದೆ ಸೋಮವಾರಕ್ಕೆ ರಜಾ ಹಾಕಿದ್ರು.

ಅಂಗಡಿ, ಬ್ಯಾಂಕು, ಮತ್ತೆ ಅಂಗಡಿ, ಮೂರು ದಿನ ಹಿಡೀತು. ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಕೆಳಗಡೆ ನನ್ನ ಹೆಸರು ಅಪ್ಪನ ಹೆಸರು ಎರಡೂ ಒಟ್ಟಿಗೆ. ಬ್ಯಾಂಕಿನವರು ನಡುವೆ ಜಾಗ ಬಿಟ್ಟು ಬರೆದ್ರು, ಸಿಮ್ಮಿನವರು ಬಿಡದೆ ಬರೆದ್ರು, ಯಂತ್ರದ ಕಣ್ಣಿಗೆ ನಾನು ಇಬ್ಬರು ಹೆಂಗಸರಾದೆ. ಎಲ್ಲಾ ಸರಿಹೋದ ಸಂಜೆ ಬೀದೀಲಿ ಸುಟ್ಟ ಗೆಣಸು ಮಾರೋನ ಹತ್ರ ನಾನೇ ಸ್ಕ್ಯಾನ್ ಮಾಡಿ ಒಂದು ಗೆಣಸು ತಗೊಂಡೆ. ಇವರಿಗೆ ಕೊಡಲಿಲ್ಲ.

ಆದ್ದರಿಂದ ಹೋಗಲಾ ಬೇಡವಾ ಅನ್ನೋ ನಿಮ್ಮ ಪ್ರಶ್ನೇನೇ ನಂಗೆ ಸರಿ ಕಾಣಲ್ಲ. ಹೋಗಿ. ಆದರೆ ಗಂಡನ ಲಗೇಜ್ ಆಗಿ ಹೋಗಬೇಡಿ. ಅವಲಂಬಿತರ ವೀಸಾದಲ್ಲಿ ಅಲ್ಲಿ ಕೆಲಸ ಮಾಡೋ ಹಾಗಿಲ್ಲ, ಅದು ಗೊತ್ತಿರಲಿ. ಸಾಧ್ಯವಾದ್ರೆ ಇಲ್ಲಿ ರಾಜೀನಾಮೆ ಬದಲು ದೀರ್ಘ ರಜೆ ಕೇಳಿ ನೋಡಿ. ಶಾಲೆ ಖರ್ಚು ಕಂಪನಿ ಕೊಡುತ್ತೆ ಅಂತ ಬರವಣಿಗೇಲಿ ತಗೊಳ್ಳಿ, ಅಂತಾರಾಷ್ಟ್ರೀಯ ಶಾಲೆ ವರ್ಷಕ್ಕೆ 2 ಲಕ್ಷ ಯುವಾನ್ ದಾಟೋದು ಮಾಮೂಲು. ಮನೆ ಸೇರಿದ 24 ಗಂಟೆಯೊಳಗೆ ಪೊಲೀಸ್ ನೋಂದಣಿ ಮಾಡಿಸಬೇಕು, ನಿಮ್ಮ ಅತ್ತೆ ಮಾವ ಬಂದು ಉಳಿದಾಗ ಅವರದ್ದೂ.

2023ರಿಂದ ಹೊರದೇಶದ ವೀಸಾ, ಮಾಸ್ಟರ್ ಕಾರ್ಡುಗಳನ್ನ ವೀಚಾಟ್‌ಗೂ, ಅಲಿಪೇ ಅನ್ನೋ ಇನ್ನೊಂದು ಹಣದ ಆ್ಯಪ್‌ಗೂ ಜೋಡಿಸಬಹುದು, ನನ್ನಷ್ಟು ಒದ್ದಾಟ ನಿಮಗಿರಲ್ಲ. ಅದನ್ನ ನೆಪ ಮಾಡ್ಕೊಂಡು ಬ್ಯಾಂಕ್ ಖಾತೆ ಮುಂದೂಡಬೇಡಿ. ವೀಚಾಟ್ ನಮ್ಮಲ್ಲಿ 2020ರ ಜೂನ್‌ನಿಂದ ನಿಷೇಧ, ವಾಟ್ಸಾಪ್ ಅಲ್ಲಿ ನಡೆಯಲ್ಲ. ನಿಮ್ಮ ಇಲ್ಲಿನ ಸಿಮ್ ರೋಮಿಂಗ್‌ನಲ್ಲಿ ಜೀವಂತ ಇಟ್ಟುಕೊಳ್ಳಿ, ಅದರಲ್ಲಿ ವಾಟ್ಸಾಪ್ ಬರುತ್ತೆ, ಬ್ಯಾಂಕಿನ ಓಟಿಪಿಯೂ ಬರುತ್ತೆ.

ಇನ್ನೊಂದು, ಇದಕ್ಕೆ ಎಲ್ಲರೂ ಒಪ್ಪಲ್ಲ: ಭಾರತೀಯರೇ ತುಂಬಿರೋ ಅಪಾರ್ಟ್‌ಮೆಂಟ್ ಹುಡುಕಬೇಡಿ. ಬೆಳಗ್ಗೆ ಕೆಳಗಡೆ ಅಜ್ಜಿಯರು ಕೂತಿರೋ ಜಾಗ ನೋಡಿ ಮನೆ ಹಿಡೀರಿ. ಮಗಳು ಆರು ತಿಂಗಳಲ್ಲಿ ಚೀನೀ ಭಾಷೆ ಕಲಿತಾಳೆ, ನೀವು ಬೈಸಿಕೊಂಡು ಬೈಸಿಕೊಂಡು ಒಂದು ವರ್ಷದಲ್ಲಿ ಕಲಿತೀರಿ.

ಮತ್ತೆ ಈಗಲೇ ಎದ್ದು ಹೋಗಿ ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡಿ, ಸರ್‌ನೇಮ್ ಜಾಗದಲ್ಲಿ ಏನಾದ್ರೂ ಇದೆಯಾ? ಖಾಲಿ ಇದ್ರೆ ಅದರಲ್ಲಿರೋ ಹೆಸರನ್ನ ಜಾಗ ಬಿಟ್ಟಿರೋದು ಸಮೇತ ಒಂದು ಚೀಟೀಲಿ ಹಾಗೇ ಬರೆದಿಟ್ಟುಕೊಳ್ಳಿ. ಬ್ಯಾಂಕಲ್ಲಿ, ಸಿಮ್ ಅಂಗಡೀಲಿ ಬಾಯಲ್ಲಿ ಹೇಳಬೇಡಿ, ಆ ಚೀಟೀನೇ ತೋರಿಸಿ.