ಓದುಗರ ಪ್ರಶ್ನೆ: ಬಿಂಗಮ್ ಕಣಿವೆಯ ತಾಮ್ರ

ಕಳೆದ ಸಂಚಿಕೆಯ ತಾಮ್ರದ ಲೇಖನದಲ್ಲಿ ಅಮೆರಿಕದ ಯೂಟಾ ರಾಜ್ಯದ ಬಿಂಗಮ್ ಕಣಿವೆಯ ಗಣಿಯ ಮಾತು, ಅಲ್ಲಿನ ಅದಿರಿನಲ್ಲಿ ಇದ್ದದ್ದು ಶೇ. 2 ತಾಮ್ರ ಎಂದು, ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲಿನ ಮೇಲೆಯೇ!

ಶೇ. 2 ತಾಮ್ರ ಅಂದರೆ ನೂರು ಬುಟ್ಟಿ ಕಲ್ಲಿಗೆ ಎರಡು ಬುಟ್ಟಿ. ಅಷ್ಟಕ್ಕೆ ಬೆಟ್ಟ ಅಗೆದವರಿಗೆ ಅಸಲಾದರೂ ಹುಟ್ಟಿತೇ? (ಚಿತ್ರದುರ್ಗ)

ಮೊದಲು ಬಂದವರಿಗೆ ಹುಟ್ಟುತ್ತಿರಲಿಲ್ಲ. ಸಾಲ್ಟ್ ಲೇಕ್ ಸಿಟಿಯ ನೈರುತ್ಯದ ಓಕರ್ ಬೆಟ್ಟಸಾಲಿನಲ್ಲಿ 1863ರಲ್ಲಿ ಸಿಕ್ಕಿದ್ದು ಸೀಸ ಮತ್ತು ಬೆಳ್ಳಿಯ ಅದಿರು. ಸುರಂಗ ಕೊರೆದು, ಸಿರೆ (ಕಲ್ಲಿನ ನಡುವೆ ಅದಿರು ತುಂಬಿದ ಪಟ್ಟಿ) ಹಿಡಿದು ಹೋದರೆ ಸಾಕಿತ್ತು. ತಾಮ್ರಕ್ಕೆ ಆ ಲೆಕ್ಕ ಕೂಡಿಬರಲಿಲ್ಲ. ಅದು ಇಡೀ ಗುಡ್ಡದ ಕಲ್ಲಿನಲ್ಲಿ ಸಣ್ಣ ಸಣ್ಣ ಚುಕ್ಕೆಯಾಗಿ ಚದುರಿತ್ತು. ಸಿರೆ ಹುಡುಕುವುದು ಬಿಟ್ಟು ಗುಡ್ಡವನ್ನೇ ಅದಿರೆಂದು ಬಗೆದು ದಿನಕ್ಕೆ ಸಾವಿರಾರು ಟನ್ ತೆಗೆದರೆ ಗಿಟ್ಟುತ್ತದೆ ಎಂದು ಡೇನಿಯಲ್ ಜಾಕ್ಲಿಂಗ್ ಮತ್ತು ರಾಬರ್ಟ್ ಜೆಮ್ಮೆಲ್ 1899ರಲ್ಲಿ ವರದಿ ಕೊಟ್ಟರು. 1903ರಲ್ಲಿ ಯೂಟಾ ಕಾಪರ್ ಕಂಪನಿ ನೋಂದಣಿಯಾಯಿತು. ಗುಗನ್‌ಹೈಮ್ ಕುಟುಂಬದ ಬಂಡವಾಳ ಬಂದ ಮೇಲೆ, 1906ರಲ್ಲಿ, ಉಗಿಯಂತ್ರದ ಶವೆಲ್‌ಗಳು, ಅಂದರೆ ಅಗೆದು ಎತ್ತುವ ಯಂತ್ರಗಳು, ಗುಡ್ಡಕ್ಕೆ ಬಾಯಿ ಹಾಕಿದವು.

ಆಗ ಡಂಪರ್ ಇರಲಿಲ್ಲ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ, ಅಂದರೆ ಬೆಂಚುಗಳಾಗಿ, ಕಡಿದು ಪ್ರತಿ ಬೆಂಚಿನ ಮೇಲೂ ರೈಲು ಹಳಿ ಹಾಸುತ್ತಿದ್ದರು. ಶವೆಲ್ ಒಂದು ಹಳಿಯ ಮೇಲೆ ನಿಂತು ಪಕ್ಕದ ಹಳಿಯ ವ್ಯಾಗನ್‌ಗಳಿಗೆ ತುಂಬುತ್ತಿತ್ತು. ಒಂದು ಪಟ್ಟಿ ಕಡಿದು ಮುಗಿದರೆ ಕೂಲಿಗಳ ತಂಡ ಇಡೀ ಹಳಿಯನ್ನು ಗುಡ್ಡದ ಕಡೆಗೆ ಸರಿಸಬೇಕು. ಇಕ್ಕಟ್ಟಿನ ಕಣಿವೆಯಲ್ಲಿ ಅದಿರು ಅರೆದು ತಾಮ್ರ ಬೇರ್ಪಡಿಸುವ ಮಿಲ್ ಕಟ್ಟಲು ಸಮತಟ್ಟು ಜಾಗವೂ ಇಲ್ಲ, ಸಾಕಷ್ಟು ನೀರೂ ಇಲ್ಲ. ಹಾಗಾಗಿ ದೊಡ್ಡ ಮಿಲ್‌ಗಳು ಉತ್ತರಕ್ಕೆ, ಗ್ರೇಟ್ ಸಾಲ್ಟ್ ಲೇಕ್ ಕಡೆ ಎದ್ದವು. ಅಲ್ಲಿಗೆ ಅದಿರು ಸಾಗಿಸಲು ಕಂಪನಿಯದೇ ರೈಲು ಮಾರ್ಗ 1911ರಲ್ಲಿ ಸಿದ್ಧವಾಯಿತು. ಅದೇ ಗುಡ್ಡದಲ್ಲಿ ಪಾಲು ಹೊಂದಿದ್ದ ಬೋಸ್ಟನ್ ಕನ್ಸಾಲಿಡೇಟೆಡ್ ಕಂಪನಿ 1910ರಲ್ಲೇ ಯೂಟಾ ಕಾಪರ್‌ನಲ್ಲಿ ಸೇರಿಹೋಗಿತ್ತು. ಒಂದೇ ಗುಡ್ಡಕ್ಕೆ ಇಬ್ಬರು ಯಜಮಾನರಿದ್ದರೆ ಬೆಂಚುಗಳನ್ನು ಸರಿಯಾಗಿ ಇಳಿಸಲು ಆಗುವುದಿಲ್ಲ.

ಮಿಲ್‌ನಲ್ಲಿ ಎಷ್ಟು ತಾಮ್ರ ಕೈಗೆ ಬರುತ್ತದೆ, ಎಷ್ಟು ಹೋಗುತ್ತದೆ? (ಹೊಸಪೇಟೆ)

ಮೊದಲ ವರ್ಷಗಳಲ್ಲಿ ಅಲುಗಾಡುವ ಮೇಜುಗಳ ಮೇಲೆ ನೀರು ಹರಿಸಿ, ತೂಕದ ವ್ಯತ್ಯಾಸದಿಂದ ಬೇರ್ಪಡಿಸುತ್ತಿದ್ದರು. ನುಣುಪಾದ ಪುಡಿ ನೀರಿನೊಂದಿಗೇ ಕೊಚ್ಚಿಹೋಗಿ ಸುಮಾರು ಮೂರನೇ ಒಂದು ಪಾಲು ತಾಮ್ರ ದಕ್ಕುತ್ತಿರಲಿಲ್ಲ. ಫ್ಲೊಟೇಶನ್, ಅಂದರೆ ನೊರೆಯಲ್ಲಿ ತೇಲಿಸಿ ಬೇರ್ಪಡಿಸುವ ವಿಧಾನ, ಬಂದ ಮೇಲೆ ಚಿತ್ರ ಬದಲಾಯಿತು. ಅರೆದ ಅದಿರಿನ ರಾಡಿಗೆ ಸುಣ್ಣ, ಕ್ಸಾಂಥೇಟ್ (ತಾಮ್ರದ ಕಣ ಗುಳ್ಳೆಗೆ ಅಂಟುವಂತೆ ಮಾಡುವ ರಾಸಾಯನಿಕ) ಮತ್ತು ನೊರೆ ಬರಿಸುವ ಎಣ್ಣೆ ಸೇರಿಸಿ ಗಾಳಿ ಊದಿದರೆ ತಾಮ್ರದ ಕಣ ಗುಳ್ಳೆಗೆ ಅಂಟಿ ಮೇಲೆ ಬರುತ್ತದೆ.

ಒಂದು ಉದಾಹರಣೆ ಲೆಕ್ಕ: ಶೇ. 0.6ರ ಅದಿರು 1,000 ಕಿಲೊ ಅಂದರೆ 6 ಕಿಲೊ ತಾಮ್ರ. ಶೇ. 88 ದಕ್ಕಿದರೆ ಸುಮಾರು 5.3 ಕಿಲೊ. ಅದು ಶೇ. 25 ತಾಮ್ರವಿರುವ ಸುಮಾರು 21 ಕಿಲೊ ಕಾನ್ಸಂಟ್ರೇಟ್ (ತಾಮ್ರದ ಪಾಲು ಹೆಚ್ಚಿಸಿದ ಪುಡಿ) ಆಗಿ ಕುಲುಮೆಗೆ ಹೋಗುತ್ತದೆ. ಉಳಿದ 979 ಕಿಲೊ ಟೈಲಿಂಗ್ಸ್, ಅಂದರೆ ಬಿಸಾಡುವ ರಾಡಿ, ಅದರ ಕಟ್ಟೆಗೆ.

ಎಡವಟ್ಟು ಆಗುವುದು ಹೆಚ್ಚಾಗಿ ಅರೆಯುವಲ್ಲಿ. ತರಿಯಾಗಿ ಉಳಿದರೆ ತಾಮ್ರ ಕಲ್ಲಿನೊಳಗೇ ಸಿಕ್ಕಿಕೊಂಡು ಟೈಲಿಂಗ್ಸ್‌ಗೆ ಹೋಗುತ್ತದೆ; ಅತಿ ನುಣ್ಣಗಾದರೆ ಕಣ ಗುಳ್ಳೆಗೆ ತಗಲುವುದೇ ಕಷ್ಟ. ಸುಣ್ಣ ಕಮ್ಮಿಯಾದರೆ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಕೂಡ ತೇಲಿಬಂದು ಕಾನ್ಸಂಟ್ರೇಟಿನ ದರ್ಜೆ ಇಳಿಸುತ್ತದೆ.

ಗುಜರಿ ಡಬ್ಬಗಳಿಂದ ತಾಮ್ರ ತೆಗೆದರಂತೆ, ನಿಜವೇ? (ಭದ್ರಾವತಿ)

ನಿಜ. ಡಬ್ಬ ಕೊಡುವುದು ಕಬ್ಬಿಣ, ತಾಮ್ರ ಇರುವುದು ನೀರಿನಲ್ಲಿ. ಬಿಸಾಡಿದ ಕಲ್ಲಿನ ರಾಶಿಯಲ್ಲಿರುವ ಪೈರೈಟ್ ಗಾಳಿ, ನೀರು ತಾಗಿ ಆಮ್ಲವಾಗುತ್ತದೆ, ಆಮ್ಲ ತಾಮ್ರವನ್ನು ಕರಗಿಸುತ್ತದೆ. ಆ ನೀರನ್ನು ಕಬ್ಬಿಣದ ಮೇಲೆ ಹಾಯಿಸಿದರೆ ಕಬ್ಬಿಣ ಕರಗಿ, ತಾಮ್ರ ಕಂದು ಕೆಸರಾಗಿ ಕೂರುತ್ತದೆ. ಪುಸ್ತಕದ ಲೆಕ್ಕಕ್ಕೆ 1 ಕಿಲೊ ತಾಮ್ರಕ್ಕೆ 0.88 ಕಿಲೊ ಕಬ್ಬಿಣ ಸಾಕು. ಆಮ್ಲವೂ ಒಂದಷ್ಟು ತಿನ್ನುವುದರಿಂದ ನಿಜದಲ್ಲಿ ಹೆಚ್ಚು ಬೇಕು. ತವರ ತೆಗೆದ ತೆಳು ಡಬ್ಬಗಳಿಗೆ ಬೇಡಿಕೆ ಇದ್ದದ್ದು ಮೈ ಹೆಚ್ಚು, ತೂಕ ಕಮ್ಮಿ ಎಂಬ ಕಾರಣಕ್ಕೆ. ಆದರೆ ಎಲ್ಲ ನೀರೂ ಈ ಕಬ್ಬಿಣದ ತೊಟ್ಟಿಗೆ ಬರಲಿಲ್ಲ. ನೆಲಕ್ಕೆ ಇಳಿದದ್ದು ಕಣಿವೆಯ ಕೆಳಗಿನ ಬಯಲಿನ ಅಂತರ್ಜಲಕ್ಕೆ ಸಲ್ಫೇಟ್ ಸೇರಿಸಿತು. ಕಂಪನಿಯ ಚರಿತ್ರೆಯಲ್ಲಿ ದೀರ್ಘಕಾಲದ ಸಾಲ ಯಾವುದಾದರೂ ಇದ್ದರೆ ಇದೇ ಎನ್ನಬೇಕು.

1912ರ ಮುಷ್ಕರ ಏಕೆ? (ರಾಯಚೂರು)

ಕೂಲಿ ಏರಿಕೆ, ಸಂಘದ ಮಾನ್ಯತೆ, ಜೊತೆಗೆ ಮೇಸ್ತ್ರಿ ಕಾಟ. ಗ್ರೀಕ್ ಕಾರ್ಮಿಕರನ್ನು ತರುತ್ತಿದ್ದ ದಲ್ಲಾಳಿ ಲಿಯೊನಿಡಾಸ್ ಸ್ಕ್ಲಿರಿಸ್ ಕೆಲಸ ಕೊಡಿಸಲೂ ಅದು ಉಳಿಯಲೂ ಅವರಿಂದಲೇ ದುಡ್ಡು ಕೀಳುತ್ತಾನೆ ಎಂಬುದು ದೂರು. ಅವನು ಹುದ್ದೆ ಬಿಟ್ಟ. ಸಂಘಕ್ಕೆ ಮಾತ್ರ ಮಾನ್ಯತೆ ಸಿಗಲಿಲ್ಲ.

2013ರಲ್ಲಿ ಗಣಿಯ ಗೋಡೆಯೇ ಕುಸಿದರೂ ಯಾರಿಗೂ ಏನೂ ಆಗಲಿಲ್ಲ ಎಂದು ಓದಿದೆ. ಹೇಗೆ? (ಸಂಡೂರು)

ಗೋಡೆ ಮೊದಲೇ ಸರಿಯತೊಡಗಿತ್ತು, ಅದನ್ನು ಅಳೆಯುತ್ತಿದ್ದರು. ಇಳಿಜಾರಿನಲ್ಲಿ ನೆಟ್ಟ ಪ್ರಿಸ್ಮ್‌ಗಳಿಗೆ (ಬೆಳಕನ್ನು ಮರಳಿಸುವ ಗಾಜುಗಳಿಗೆ) ಎದುರು ಬದಿಯಿಂದ ಗುರಿಯಿಟ್ಟು ದೂರ ಅಳೆಯುವುದು, ಬಿರುಕಿನ ಆಚೆ ಈಚೆ ತಂತಿ ಕಟ್ಟಿ ಹಿಗ್ಗು ನೋಡುವುದು, ರೇಡಾರ್‌ನಿಂದ ಇಡೀ ಮುಖವನ್ನು ಮಿಲಿಮೀಟರ್ ಲೆಕ್ಕದಲ್ಲಿ ಗಮನಿಸುವುದು, ಇವು ಇಂಥ ಗಣಿಗಳ ಮಾಮೂಲು ಉಪಾಯ. ಸರಿತ ಒಂದೇ ವೇಗದಲ್ಲಿದ್ದರೆ ಕಾಯಬಹುದು, ವೇಗವೇ ಏರುತ್ತಿದ್ದರೆ ಜಾಗ ಖಾಲಿ ಮಾಡಬೇಕು. ದಿನಕ್ಕೆ ಸುಮಾರು 5 ಸೆಂಟಿಮೀಟರ್ ಮುಟ್ಟಿದಾಗ ಗಣಿ ತೆರವಾಗಿತ್ತು. 2013ರ ಏಪ್ರಿಲ್ 10ರ ರಾತ್ರಿ ಸುಮಾರು ಒಂದೂವರೆ ಗಂಟೆಯ ಅಂತರದಲ್ಲಿ ಎರಡು ಕುಸಿತಗಳಾಗಿ, ಒಟ್ಟು 14 ಕೋಟಿ ಟನ್‌ಗೂ ಮಿಕ್ಕಿದ ಕಲ್ಲು ಜಾರಿತು. ಮ್ಯಾನೆಫೇ ಎಂದು ಕರೆಯುವ ದುರ್ಬಲ ಪದರವೊಂದು ಗುಂಡಿಯ ಕಡೆಗೆ ಓರೆಯಾಗಿದ್ದದ್ದು ಮೂಲ. ಯಾವಾಗ ಬೀಳುತ್ತದೆ ಎಂಬ ಅಂದಾಜು ಸರಿಹೋಯಿತು. ಎಷ್ಟು ದೂರ ಹರಿಯುತ್ತದೆ ಎಂಬುದು ತಪ್ಪಿತು. ಗುಂಡಿಯ ತಳದಲ್ಲಿ ನಿಲ್ಲಿಸಿದ್ದ ಶವೆಲ್, ಡಂಪರ್‌ಗಳು ಹೂತುಹೋದವು, ಇಳಿಯುವ ಮುಖ್ಯ ರಸ್ತೆ ಕಡಿದುಹೋಯಿತು.

ಈಗ ಆ ಕಂಪನಿ, ಆ ಊರು ಇವೆಯೇ? (ಮಡಿಕೇರಿ)

1936ರಲ್ಲಿ ಯೂಟಾ ಕಾಪರ್ ಪೂರ್ತಿಯಾಗಿ ಕೆನೆಕಾಟ್ ಕಂಪನಿಗೆ ಹೋಯಿತು. 1989ರಿಂದ ರಿಯೊ ಟಿಂಟೊ ಒಡೆತನ. ಕಣಿವೆಯಲ್ಲಿ ಒಂದೇ ಬೀದಿಯ ಉದ್ದಕ್ಕೆ ಬೆಳೆದಿದ್ದ ಬಿಂಗಮ್ ಕ್ಯಾನ್ಯನ್ ಊರು ಗುಂಡಿ ಅಗಲವಾಗುತ್ತ ಹೋದಂತೆ ಕರಗಿ, 1971ರಲ್ಲಿ ಅದರ ಊರಾಡಳಿತವೇ ರದ್ದಾಯಿತು. ಕಣಿವೆಯ ಬಾಯಲ್ಲಿ ಕಂಪನಿ 1926ರಲ್ಲಿ ನೌಕರರಿಗೆ ಕಟ್ಟಿಸಿದ ಕಾಪರ್ಟನ್ ಮಾತ್ರ ಉಳಿದಿದೆ. ತನ್ನ ಮಾಲಿನ ಜಾಹೀರಾತು ಎಂಬಂತೆ ಅಲ್ಲಿನ ಮನೆಗಳ ಚಾವಣಿಗೆ, ಮಳೆನೀರಿನ ದೋಣಿಗೆ ತಾಮ್ರವನ್ನೇ ಬಳಸಿದ್ದರು.